ಗಡಿಯಾಚೆಗೂ ಸಂದ ವಿದ್ಯೆ: ಸರ್ ಎಂ. ವಿಶ್ವೇಶ್ವರಯ್ಯ

ಈ ಪ್ರೌಢಶಾಲೆಯಲ್ಲಿ ಹಲವು ವರ್ಷ ಗಣಿತ, ವಿಜ್ಞಾನ ಪಾಠ ಮಾಡಿದವನು ನಾನು. ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ವಿಶ್ವೇಶ್ವರಯ್ಯನವರನ್ನು ಆರಿಸಿಕೊಂಡೆ. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ ಎಂದರೆ ಅವರ ಹೆಸರು ನಮ್ಮ ಊರಿನಲ್ಲಿ ಯಾರಿಗೂ ಗೊತ್ತು. ಒಂದು ಸರ್ಕಾರ ಮತ್ತೊಂದು ಸರ್ಕಾರದ ಜೊತೆ ವಿದ್ಯೆಯನ್ನೂ ನೀರನ್ನೂ ಹಂಚಿಕೊಳ್ಳುವ ಪಾಠ ಅವರ ಬದುಕಿನಲ್ಲಿದೆ. ಅದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಓದಿಸಿದ್ದು ಮೈಸೂರು, ಕೆಲಸ ಕೊಟ್ಟದ್ದು ಮುಂಬಯಿ. ಇಂದು ಪಾಕಿಸ್ತಾನದಲ್ಲಿರುವ ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಿದ್ದು ಆ ಸೇವೆಯಲ್ಲಿದ್ದಾಗಲೇ.

ಪುಣೆಯ ಖಡಕ್‌ವಾಸ್ಲಾ ಕೆರೆಗೆ 1903ರಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಲಾಯಿತು. ನೀರು ಗೊತ್ತಾದ ಮಟ್ಟ ಮೀರಿದರೆ ಬಾಗಿಲು ತಾನೇ ಏಳುತ್ತದೆ, ನೀರು ಇಳಿದರೆ ತಾನೇ ಮುಚ್ಚುತ್ತದೆ. ಹೀಗೆ ಗೋಡೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬಹುದು. ಮುಂಬಯಿ ಸೇವೆಯಲ್ಲಿದ್ದಾಗ ಕಂಡುಹಿಡಿದದ್ದೆಂದು ಅದರಿಂದ ಬರಬಹುದಾಗಿದ್ದ ಗೌರವಧನವನ್ನು ಅವರು ಬೇಡವೆಂದರು. ಅದೇ ಬಾಗಿಲುಗಳು ಗ್ವಾಲಿಯರ್ ಸಂಸ್ಥಾನದ ತಿಗ್ರಾ ಅಣೆಕಟ್ಟಿಗೂ, ಆಮೇಲೆ ಕನ್ನಂಬಾಡಿಗೂ ಬಂದವು.

1908ರಲ್ಲಿ ಮೂಸಿ ನದಿಯ ಪ್ರವಾಹಕ್ಕೆ ಹೈದರಾಬಾದಿನಲ್ಲಿ ಸಾವಿರಾರು ಜನ ಬಲಿಯಾದರು. ನಿಜಾಮರ ಸರ್ಕಾರ ಕರೆಸಿಕೊಂಡದ್ದು ಇವರನ್ನೇ. ನಗರದೊಳಗೆ ಗೋಡೆ ಕಟ್ಟಿದರಷ್ಟೇ ಸಾಲದು, ಮೇಲ್ಭಾಗದಲ್ಲೇ ಪ್ರವಾಹವನ್ನು ತಡೆಹಿಡಿಯಬೇಕು ಎಂಬುದು ಅವರ ಸಲಹೆ. ಅದರಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ನಿರ್ಮಾಣವಾದವು.

1909ರಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಕಠಿಣ ಪರೀಕ್ಷೆ ಎದುರಾದದ್ದು ಇಲ್ಲಿ. 1892ರ ಒಪ್ಪಂದದ ಪ್ರಕಾರ ಕಾವೇರಿಗೆ ಹೊಸ ಅಣೆಕಟ್ಟು ಕಟ್ಟಲು ಮದ್ರಾಸ್ ಸರ್ಕಾರದ ಒಪ್ಪಿಗೆ ಬೇಕಿತ್ತು. ತಂಜಾವೂರಿನ ಗದ್ದೆಗಳಿಗೆ ನೀರು ಕಡಿಮೆಯಾದೀತೆಂಬುದು ಅವರ ಅಂಜಿಕೆ, ಅದೂ ಸುಳ್ಳಲ್ಲ. 11 ಟಿ.ಎಂ.ಸಿ. ನಿಲ್ಲುವಷ್ಟು ಸಣ್ಣ ಕಟ್ಟೆಗೆ ಮಾತ್ರ ಮೊದಲು ಒಪ್ಪಿಗೆ ಸಿಕ್ಕಿತು. 1911ರಲ್ಲಿ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಅಡಿಪಾಯವನ್ನು ಮಾತ್ರ ದೊಡ್ಡ ಕಟ್ಟೆಗೆ ತಕ್ಕಂತೆ ಅಗಲವಾಗಿ ಹಾಕಿಸಿದರು. ಒಪ್ಪಿಗೆ ಸಿಗದಿದ್ದರೆ ಆ ಖರ್ಚು ದಂಡವಾಗುತ್ತಿತ್ತು. 1914ರ ಗ್ರಿಫಿನ್ ತೀರ್ಪು ಮೈಸೂರಿನ ಕಡೆಗಾಯಿತು, ಮದ್ರಾಸ್ ಮೇಲ್ಮನವಿ ಹೋಯಿತು. ಕೊನೆಗೆ ಒಪ್ಪಂದವಾದದ್ದು 1924ರಲ್ಲಿ, ಅವರು ದಿವಾನಗಿರಿ ಬಿಟ್ಟು ಐದು ವರ್ಷ ಕಳೆದ ಮೇಲೆ.

ಆ ಒಪ್ಪಂದದಿಂದ ಮೈಸೂರಿಗೆ ಕನ್ನಂಬಾಡಿ, ಮದ್ರಾಸಿಗೆ ಮೆಟ್ಟೂರು, ಹೀಗೆ ಇಬ್ಬರಿಗೂ ಕಟ್ಟೆ ಸಿಕ್ಕಿತು. ಮೇಲಣೆಯ ಬಳಿ ನೀರಿನ ಹರಿವನ್ನು ಅಳೆದು, ಎಷ್ಟಿದ್ದಾಗ ಮೈಸೂರು ಎಷ್ಟು ಹಿಡಿದಿಡಬಹುದು ಎಂಬ ನಿಯಮವೂ ಅದರಲ್ಲಿ ಸೇರಿತ್ತು. 50 ವರ್ಷದ ಮೇಲೆ ಕೆಲವು ಅಂಶಗಳನ್ನು ಮರುಪರಿಶೀಲಿಸಬೇಕಿತ್ತು. ಅದು ಸುಸೂತ್ರವಾಗಿ ಆಗಲಿಲ್ಲ. 1990ರಲ್ಲಿ ನ್ಯಾಯಮಂಡಳಿ ಬಂತು, 2018ರವರೆಗೂ ವ್ಯಾಜ್ಯ ಎಳೆಯಿತು. ಒಪ್ಪಂದವನ್ನು ಒಮ್ಮೆ ಬರೆದಿಟ್ಟರೆ ಸಾಲದು, ಕಾಲಕಾಲಕ್ಕೆ ಕೂತು ನವೀಕರಿಸಬೇಕು.

ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ನಾಂದಿಯಾಯಿತು, 1923ರಲ್ಲಿ ಉತ್ಪಾದನೆ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ನಮ್ಮ ಕಾಡಿನ ಇದ್ದಿಲು. ನಷ್ಟದಲ್ಲಿದ್ದ ಕಾರ್ಖಾನೆಯ ಅಧ್ಯಕ್ಷತೆ ವಹಿಸಿ ನಮ್ಮವರನ್ನೇ ಕೆಲಸಕ್ಕೆ ಪಳಗಿಸಿದರು. ಆ ಸೇವೆಗೆ ತಮಗೆ ಸಲ್ಲಬೇಕಿದ್ದ ಹಣವನ್ನು ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಹುಟ್ಟಿದ್ದು ಹಾಗೆ. ತೊಂಬತ್ತು ದಾಟಿದ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗಾನದಿಯ ಸೇತುವೆಗೆ ಸ್ಥಳ ಗೊತ್ತುಮಾಡುವ ಸಮಿತಿಯ ನೇತೃತ್ವ ವಹಿಸಿದರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ನೂರು ತುಂಬಿದ ಜೀವ ತೀರಿಕೊಂಡಿತು.

ನಮ್ಮ ತುಂಗೆ, ಭದ್ರಾವತಿಯ ಭದ್ರೆ ಎರಡೂ ಕೂಡಲಿಯಲ್ಲಿ ಸೇರಿ ಹೊಸಪೇಟೆಯ ಅಣೆಕಟ್ಟಿಗೆ ಹೋಗುತ್ತವೆ. ಆ ನೀರಿಗೆ ಕರ್ನಾಟಕ, ಆಂಧ್ರ, ತೆಲಂಗಾಣ ಮೂವರೂ ಪಾಲುದಾರರು. 2024ರ ಆಗಸ್ಟ್‌ನಲ್ಲಿ ಅದರ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆ ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಲಾಯಿತು. ಉಳಿದದ್ದು ಮೂರು ರಾಜ್ಯದ ರೈತರ ಬೆಳೆ.

ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ಅಂಥ ಮಂಡಳಿಯಲ್ಲಿ ಕೂರಬಹುದು. ಆಗ ನಮ್ಮ ಪಾಲಿನ ಲೆಕ್ಕವನ್ನು ತಪ್ಪಿಲ್ಲದೆ ಮಂಡಿಸಲಿ, ಹೊಳೆಯ ಕೆಳಗಿನ ಊರಿನವರ ಲೆಕ್ಕವನ್ನೂ ಅಷ್ಟೇ ಗಮನವಿಟ್ಟು ಓದಲಿ.