ಮೌನದಿಂದ ಗೀತಕ್ಕೆ: ಅರ್ನ್ಸ್ಟ್ ಲುಬಿಚ್ ಮತ್ತು ದಾಂಪತ್ಯ ಪ್ರಹಸನದ ಮರುಸೃಷ್ಟಿ

ಚಲನಚಿತ್ರಕ್ಕೆ ಮಾತು ಬಂದಾಗ ಮೂಕಚಿತ್ರಗಳ ಹಲವು ಸಮರ್ಥ ನಿರ್ದೇಶಕರು ಹಿನ್ನೆಲೆಗೆ ಸರಿದರು. ಕೆಲವರು ಹೊಸ ಮಾಧ್ಯಮಕ್ಕೆ ಹೊಸ ವಸ್ತುವನ್ನು ಅರಸಿದರು. ಅರ್ನ್ಸ್ಟ್ ಲುಬಿಚ್ ಈ ಎರಡು ಗುಂಪಿಗೂ ಸೇರಿದವನಲ್ಲ. 1924ರಲ್ಲಿ ತಾನೇ ನಿರ್ದೇಶಿಸಿದ್ದ 'ದ ಮ್ಯಾರೇಜ್ ಸರ್ಕಲ್' ಎಂಬ ಮೂಕ ಪ್ರಹಸನವನ್ನು ಅವನು 1932ರಲ್ಲಿ 'ಒನ್ ಅವರ್ ವಿತ್ ಯೂ' ಎಂಬ ಹೆಸರಿನಿಂದ ಗೀತಚಿತ್ರವಾಗಿ ಮತ್ತೆ ತೆರೆಗೆ ತಂದನು. ಎರಡರ ವಸ್ತುವೂ ಒಂದೇ: ಸುಖವಾಗಿರುವ ಒಂದು ದಾಂಪತ್ಯದೊಳಗೆ ಹೆಂಡತಿಯ ಗೆಳತಿಯೇ ಪ್ರವೇಶಿಸಿ ಗಂಡನ ಮೇಲೆ ಕಣ್ಣಿಡುವುದು. ಈ ಎರಡು ಚಿತ್ರಗಳ ನಡುವಣ ಎಂಟು ವರ್ಷಗಳಲ್ಲಿ ಲುಬಿಚ್‌ನ ಸ್ವಂತ ದಾಂಪತ್ಯವು ಪರಸಂಬಂಧದ ಕಾರಣದಿಂದಲೇ ಮುರಿದುಬಿದ್ದಿತು. ಆದುದರಿಂದ ಎರಡನೆಯ ಚಿತ್ರವನ್ನು ಆತ್ಮಕಥನವೆಂದು ಓದುವ ಆಮಿಷ ಸಹಜವಾದುದು. ಆ ಓದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಅವನ ಜೀವನದ ವಿವರಗಳೊಡನೆ ಇಟ್ಟು ನೋಡಬೇಕಾಗುತ್ತದೆ.

ಲುಬಿಚ್ 1892ರ ಜನವರಿಯಲ್ಲಿ ಬರ್ಲಿನ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ವೃತ್ತಿಯಿಂದ ದರ್ಜಿ. ಹೆಂಗಸರ ಉಡುಪುಗಳ ವ್ಯಾಪಾರವನ್ನು ನಡೆಸುತ್ತಿದ್ದನು. ಶಾಲೆಯನ್ನು ಬಿಟ್ಟ ಮೇಲೆ ಮಗ ಹಗಲು ತಂದೆಯ ಅಂಗಡಿಯ ಲೆಕ್ಕ ಬರೆಯುತ್ತ, ರಾತ್ರಿ ರಂಗದ ಮೇಲೆ ಹಾಸ್ಯಪಾತ್ರಗಳನ್ನು ಮಾಡುತ್ತ ಬೆಳೆದನು. 1911ರಲ್ಲಿ ಮ್ಯಾಕ್ಸ್ ರೈನ್‌ಹಾರ್ಟ್‌ನ ನಾಟಕ ತಂಡವನ್ನು ಸೇರಿದನು. ಆ ಬಳಿಕ ನಟನಾಗಿ ಚಿತ್ರರಂಗಕ್ಕೆ ಬಂದಾಗ ಅವನಿಗೆ ದೊರೆತ ಪಾತ್ರಗಳು ಹೆಚ್ಚಾಗಿ ಬಟ್ಟೆಯಂಗಡಿಯ ಚತುರ ಗುಮಾಸ್ತನವು. ಬಟ್ಟೆ, ಕಾಲುಚೀಲ, ಬಾಗಿಲು, ಮೇಜಿನ ಸೆಳೆಪೆಟ್ಟಿಗೆ ಮುಂತಾದ ವಸ್ತುಗಳ ಮೂಲಕ ಮನುಷ್ಯರ ಗುಟ್ಟನ್ನು ಬಯಲಿಗೆಳೆಯುವ ಅವನ ಮುಂದಿನ ಕಲೆಗೆ ಈ ಅಂಗಡಿಯ ಪರಿಸರವೇ ಮೊದಲ ಪಾಠಶಾಲೆಯಾಗಿದ್ದಿರಬೇಕು.

ಪೋಲಾ ನೆಗ್ರಿ ನಟಿಸಿದ 'ಮದಾಂ ದ್ಯೂಬರಿ' (1919) ಚಿತ್ರದಿಂದ ಅವನ ಹೆಸರು ಜರ್ಮನಿಯಾಚೆಗೂ ಹಬ್ಬಿತು. 1922ರಲ್ಲಿ ಮೇರಿ ಪಿಕ್‌ಫರ್ಡ್‌ಳ ಆಹ್ವಾನದ ಮೇರೆಗೆ ಹಾಲಿವುಡ್‌ಗೆ ಹೋದನು. ಅದೇ ವರ್ಷ ಹೆಲೆನ್ ಕ್ರೌಸ್‌ಳೊಡನೆ ಅವನ ವಿವಾಹವಾಗಿತ್ತು. ಪಿಕ್‌ಫರ್ಡ್‌ಳಿಗಾಗಿ ಮಾಡಿದ 'ರೊಸೀಟಾ' (1923) ಭವ್ಯವಾದ ಚಿತ್ರ. ಆದರೆ ಅವನ ದಾರಿ ಅದಾಗಿರಲಿಲ್ಲ. ಆ ಹೊತ್ತಿಗೆ ಚಾಪ್ಲಿನ್‌ನ 'ಎ ವುಮನ್ ಆಫ್ ಪ್ಯಾರಿಸ್' (1923) ಹೊರಬಂದಿತು. ಸನ್ನೆ ಹಾಗೂ ವಸ್ತುಗಳಿಂದಲೇ ಸಂಬಂಧಗಳ ಸೂಕ್ಷ್ಮವನ್ನು ಹೇಳಬಹುದೆಂಬ ದಾರಿ ಲುಬಿಚ್‌ಗೆ ಅಲ್ಲಿ ಕಂಡಿತು.

ಲೋಥಾರ್ ಶ್ಮಿಟ್‌ನ ಜರ್ಮನ್ ನಾಟಕವನ್ನು ಆಧರಿಸಿದ 'ದ ಮ್ಯಾರೇಜ್ ಸರ್ಕಲ್' ವಿಯೆನ್ನಾದಲ್ಲಿ ನಡೆಯುವ ಕಥೆ. ಪ್ರೊಫೆಸರ್ ಸ್ಟಾಕ್ ಬೆಳಿಗ್ಗೆ ಎದ್ದು ಕಾಲುಚೀಲ ತೊಡುತ್ತಾನೆ, ಅದರಲ್ಲಿ ತೂತು. ಅವನ ಸೆಳೆಪೆಟ್ಟಿಗೆ ಬರಿದಾಗಿದೆ, ಹೆಂಡತಿ ಮಿಟ್ಸಿಯದು ತುಂಬಿ ತುಳುಕುತ್ತಿದೆ. ಅವರ ದಾಂಪತ್ಯದ ಬಗ್ಗೆ ಹೇಳಬೇಕಾದುದೆಲ್ಲ ಇಷ್ಟರಲ್ಲೇ ಮುಗಿಯಿತು. ಇದಕ್ಕೆ ಪ್ರತಿಯಾಗಿ ಡಾಕ್ಟರ್ ಫ್ರಾಂಟ್ಸ್ ಮತ್ತು ಶಾರ್ಲಟ್ ಉಪಾಹಾರ ಮಾಡುವ ದೃಶ್ಯದಲ್ಲಿ ಕ್ಯಾಮೆರಾ ಮೊಟ್ಟೆಯನ್ನೂ ಕಾಫಿಯ ಬಟ್ಟಲನ್ನೂ ಮಾತ್ರ ನೋಡುತ್ತದೆ. ಎರಡು ಕೈಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರೆಯಾಗುತ್ತವೆ. ಔತಣದ ಸಂದರ್ಭದಲ್ಲಿ ಶಾರ್ಲಟ್ ತನ್ನ ಗಂಡನನ್ನು ಬೇರೊಬ್ಬ ತರುಣಿಯಿಂದ ಕಾಪಾಡಲೆಂದು ಆಸನದ ಚೀಟಿಗಳನ್ನು ಅದಲುಬದಲು ಮಾಡಿ, ಅವನನ್ನು ಮಿಟ್ಸಿಯ ಪಕ್ಕದಲ್ಲೇ ಕೂರಿಸುತ್ತಾಳೆ. ಕಾವಲು ಕಾಯುವ ಕೈಯೇ ಕಳ್ಳನಿಗೆ ಬಾಗಿಲು ತೆರೆಯುವ ಈ ವಿಪರ್ಯಾಸಕ್ಕೆ ಒಂದು ಮಾತಿನ ಅಗತ್ಯವೂ ಇಲ್ಲ.

ಭಾರತೀಯ ಕಾವ್ಯಮೀಮಾಂಸೆಯಲ್ಲಿ ಪಳಗಿದ ಓದುಗರಿಗೆ ಇದು ಅಪರಿಚಿತವಾದ ವ್ಯಾಪಾರವೇನಲ್ಲ. ವಾಚ್ಯವಾಗಿ ಹೇಳದೆ ಹೊಳೆಯಿಸುವುದನ್ನೇ ಆನಂದವರ್ಧನನು ಧ್ವನಿಯೆಂದು ಕರೆದನು. ಲುಬಿಚ್‌ನ ಸ್ಪರ್ಶವೆಂದು ಪಾಶ್ಚಾತ್ಯ ವಿಮರ್ಶಕರು ಹೆಸರಿಸಿರುವ ಗುಣವು ಬಹುಮಟ್ಟಿಗೆ ಇದೇ. ಕನ್ನಡದಲ್ಲಿ ಧ್ವನಿಯೆಂಬ ಪದಕ್ಕೆ ಸದ್ದು ಎಂಬ ಅರ್ಥವೂ ಇರುವುದರಿಂದ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ: ಚಿತ್ರಕ್ಕೆ ಒಂದು ಧ್ವನಿ ಬಂದಾಗ ಇನ್ನೊಂದು ಧ್ವನಿ ಉಳಿಯಿತೇ?

1929ರ 'ದ ಲವ್ ಪರೇಡ್' ಅವನ ಮೊದಲ ವಾಕ್ಚಿತ್ರ. ಮೌರಿಸ್ ಶೆವಾಲಿಯೇ ಅದರ ನಾಯಕ. ಜೀನೆಟ್ ಮ್ಯಾಕ್‌ಡೊನಾಲ್ಡ್‌ಗೆ ಅದು ಮೊದಲ ಚಿತ್ರ. ರಾಣಿಯ ಗಂಡನಾಗಿ ಬಂದವನಿಗೆ ಅರಮನೆಯಲ್ಲಿ ಕೆಲಸವೇ ಇಲ್ಲವೆಂಬುದು ಅದರ ಹಾಸ್ಯ. ಮರುವರ್ಷದ 'ಮಾಂಟೆ ಕಾರ್ಲೊ'ದಲ್ಲಿ ಓಡುವ ರೈಲಿನ ಲಯವನ್ನೇ ಹಾಡಿನ ಲಯವಾಗಿ ಬೆಸೆದನು. ಹಾಡು ಕಥೆಯನ್ನು ನಿಲ್ಲಿಸುವ ವಿರಾಮವಾಗದೆ ಕಥೆಯ ಚಲನೆಯೇ ಆಗಬಲ್ಲದೆಂಬುದನ್ನು ಅವನು ಈ ಎರಡು ಚಿತ್ರಗಳಲ್ಲಿ ಕಂಡುಕೊಂಡಿದ್ದನು.

ಇದೇ ಅವಧಿಯಲ್ಲಿ ಅವನ ಮನೆ ಒಡೆಯಿತು. ಹೆಲೆನ್ ಮತ್ತು ಹಾನ್ಸ್ ಕ್ರೇಲಿಯ ನಡುವೆ ಸಂಬಂಧ ಬೆಳೆದಿತ್ತು. ಕ್ರೇಲಿ ಯಾರೋ ಪರಕೀಯನಲ್ಲ. ಬರ್ಲಿನ್ನಿನ ದಿನಗಳಿಂದ ಲುಬಿಚ್‌ನ ಚಿತ್ರಕಥೆಗಳನ್ನು ಬರೆದುಕೊಂಡು ಬಂದ ಸಂಗಾತಿ, 'ದ ಪೇಟ್ರಿಯಟ್' (1928) ಚಿತ್ರಕ್ಕೆ ಆಸ್ಕರ್ ಪಡೆದವನು. 1930ರಲ್ಲಿ ವಿಚ್ಛೇದನವಾಯಿತು. ಅದೇ ವರ್ಷ ಸಾರ್ವಜನಿಕ ಔತಣವೊಂದರಲ್ಲಿ ಲುಬಿಚ್ ಕ್ರೇಲಿಯ ಮೇಲೆ ಕೈಮಾಡಿದ ಸುದ್ದಿ ಪತ್ರಿಕೆಗಳಿಗೆ ಆಹಾರವಾಯಿತು. ತೆರೆಯ ಮೇಲೆ ಇಂಥ ಸನ್ನಿವೇಶಗಳನ್ನು ನಗುತ್ತ ದಾಟಿಸುತ್ತಿದ್ದವನಿಗೆ ಬದುಕಿನಲ್ಲಿ ಆ ನಗು ಒದಗಲಿಲ್ಲ.

'ಒನ್ ಅವರ್ ವಿತ್ ಯೂ' ಸಿದ್ಧವಾದದ್ದು ಇದಾದ ಮೇಲೆ. ಯುದ್ಧವಿರೋಧಿ ಚಿತ್ರವಾದ 'ಬ್ರೋಕನ್ ಲಲಬೈ'ಯ ಕೆಲಸದಲ್ಲಿ ಲುಬಿಚ್ ತೊಡಗಿದ್ದುದರಿಂದ ಪ್ಯಾರಾಮೌಂಟ್ ಸಂಸ್ಥೆಯು ನಿರ್ದೇಶನವನ್ನು ಜಾರ್ಜ್ ಕ್ಯೂಕರ್‌ಗೆ ವಹಿಸಿತ್ತು. ಚಿತ್ರೀಕರಣ ಆರಂಭವಾದ ಕೆಲವೇ ದಿನಗಳಲ್ಲಿ ಲುಬಿಚ್ ತಾನೇ ಅದನ್ನು ಕೈಗೆತ್ತಿಕೊಂಡನು. ತನ್ನ ಹೆಸರನ್ನು ಕೈಬಿಡುವುದರ ವಿರುದ್ಧ ಕ್ಯೂಕರ್ ನ್ಯಾಯಾಲಯದ ಮೆಟ್ಟಿಲೇರಿದನು. ಕೊನೆಗೆ ಸಹಾಯಕನೆಂಬ ಮನ್ನಣೆ ಮತ್ತು ಆ ಸಂಸ್ಥೆಯಿಂದ ಬಿಡುಗಡೆ ಅವನಿಗೆ ದೊರೆತವು. ಕ್ಯೂಕರ್‌ನ ಮುಂದಿನ ಸಾಧನೆಯನ್ನು ನೆನೆದರೆ ಇದು ಅವನಿಗೆ ನಷ್ಟವಾಗಲಿಲ್ಲ. ಆದರೂ ಈ ಪ್ರಸಂಗದಲ್ಲಿ ಲುಬಿಚ್‌ನ ನಡತೆ ಉದಾರವಾದುದೆಂದು ಹೇಳಲಾಗದು.

ಸ್ಯಾಮ್ಸನ್ ರಾಫೆಲ್ಸನ್‌ನ ಚಿತ್ರಕಥೆ ವಿಯೆನ್ನಾದ ಕಥೆಯನ್ನು ಪ್ಯಾರಿಸ್ಸಿಗೆ ಒಯ್ಯುತ್ತದೆ. ಆಸ್ಕರ್ ಸ್ಟ್ರೌಸ್ ಮತ್ತು ರಿಚರ್ಡ್ ವೈಟಿಂಗ್‌ರ ಸಂಗೀತ, ಲಿಯೊ ರಾಬಿನ್‌ನ ಗೀತೆಗಳು. ಉದ್ಯಾನದಲ್ಲಿ ಮುದ್ದಾಡುವ ಪ್ರೇಮಿಗಳನ್ನು ಓಡಿಸಲು ಹೊರಟ ಪೊಲೀಸರ ಮಾತು ಪ್ರಾಸಬದ್ಧವಾಗಿದೆ. ಅಲ್ಲಿ ಸಿಕ್ಕಿಬಿದ್ದ ಜೋಡಿ ತಾವು ಗಂಡಹೆಂಡಿರೆಂದರೆ ಪೊಲೀಸನು ನಂಬುವುದೇ ಇಲ್ಲ. ಆಂದ್ರೆ ಮತ್ತು ಕಾಲೆಟ್ ನಿಜಕ್ಕೂ ದಂಪತಿಗಳೇ. ಆಸನದ ಚೀಟಿಗಳ ಪ್ರಸಂಗ ಇಲ್ಲಿಯೂ ಇದೆ, ಆದರೆ ತಿರುಗುಮುರುಗಾಗಿ: ಇಲ್ಲಿ ಚೀಟಿ ಬದಲಿಸುವವನು ಮಿಟ್ಸಿಯಿಂದ ತಪ್ಪಿಸಿಕೊಳ್ಳಬಯಸುವ ಗಂಡ. ಅದನ್ನು ಕಂಡ ಹೆಂಡತಿ ಅವನಿಗೆ ಮತ್ತೊಬ್ಬಳ ಮೇಲೆ ಮನಸ್ಸಾಗಿದೆಯೆಂದು ತಪ್ಪುತಿಳಿದು, ತನ್ನ ದುಃಖವನ್ನು ಮಿಟ್ಸಿಯಲ್ಲೇ ತೋಡಿಕೊಳ್ಳುತ್ತಾಳೆ.

ಮುಖ್ಯ ವ್ಯತ್ಯಾಸವಿರುವುದು ಅಪರಾಧದ ವಿಷಯದಲ್ಲಿ. 1924ರ ಫ್ರಾಂಟ್ಸ್ ಸಂದೇಹಕ್ಕೆ ಗುರಿಯಾದರೂ ಮೂಲತಃ ನಿರ್ದೋಷಿ. 1932ರ ಆಂದ್ರೆ ಹಾಗಲ್ಲ. ನಡೆದುದನ್ನು ಚಿತ್ರವು ಮರೆಯಲ್ಲಿಟ್ಟಿದ್ದರೂ ಸೂಚನೆ ಸ್ಪಷ್ಟವಾಗಿದೆ. ಇದಲ್ಲದೆ ಅವನು ಕ್ಯಾಮೆರಾದತ್ತ ನೇರವಾಗಿ ತಿರುಗಿ, ತನ್ನ ಸ್ಥಿತಿಯಲ್ಲಿ ಪ್ರೇಕ್ಷಕನಾದರೆ ಏನು ಮಾಡುತ್ತಿದ್ದನೆಂದು ಹಾಡಿನಲ್ಲಿ ಕೇಳುತ್ತಾನೆ. ಮೂಕಚಿತ್ರದ ಪ್ರೇಕ್ಷಕ ಬಾಗಿಲ ಸಂದಿಯಿಂದ ನೋಡುವ ಸಾಕ್ಷಿಯಾಗಿದ್ದನು. ಗೀತಚಿತ್ರ ಅವನನ್ನು ಪಾಲುದಾರನನ್ನಾಗಿ ಮಾಡಿಕೊಂಡಿತು. ಹಾಡು ಬಂದುದರಿಂದ ಕಳೆದುಹೋದದ್ದು ಉಂಟು: ಕಾಲುಚೀಲದ ತೂತಿನಂಥ ಮಿತವಾದ ಸೂಚನೆ ಇಲ್ಲಿಲ್ಲ, ಕೆಲವೆಡೆ ಪ್ರಾಸದ ಮೋಹ ಹೆಚ್ಚಾಗಿದೆ. ಆದರೆ ತಪ್ಪನ್ನು ಒಪ್ಪಿಕೊಂಡೂ ನಗುವ ಒಂದು ಧಾಟಿ ಹಾಡಿನಿಂದಲೇ ಸಾಧ್ಯವಾಯಿತು. ಅದೇ ತಪ್ಪೊಪ್ಪಿಗೆ ಗದ್ಯದಲ್ಲಿ ಬಂದಿದ್ದರೆ ಜಗಳವಾಗುತ್ತಿತ್ತು.

ಕೊನೆಯಲ್ಲಿ ದಂಪತಿಗಳಿಬ್ಬರೂ ಪ್ರೇಕ್ಷಕರ ಕಡೆಗೆ ತಿರುಗಿ, ಒಬ್ಬರು ಗಂಡಸರನ್ನೂ ಮತ್ತೊಬ್ಬರು ಹೆಂಗಸರನ್ನೂ ಕೇಳಿ, ಪರಸ್ಪರ ಕ್ಷಮಿಸುತ್ತಾರೆ. ಲುಬಿಚ್‌ನ ಬದುಕಿನಲ್ಲಿ ಇಂಥ ಕ್ಷಮೆ ನಡೆಯಲಿಲ್ಲ. ಆದ್ದರಿಂದ ಈ ಚಿತ್ರವನ್ನು ಆತ್ಮಕಥನವೆನ್ನುವುದಕ್ಕಿಂತ ಬದುಕು ಕೊಡದಿದ್ದ ಮುಕ್ತಾಯದ ರಚನೆ ಎನ್ನುವುದು ಹೆಚ್ಚು ಸರಿ. ಅದಕ್ಕೂ ಮಿತಿಯುಂಟು. ಕ್ಷಮೆಯ ಮುಕ್ತಾಯ ವಿಚ್ಛೇದನಕ್ಕೆ ಮೊದಲಿನ ಚಿತ್ರದಲ್ಲೂ ಇತ್ತು. ಹೊಸದಾಗಿ ಬಂದದ್ದು ಅಪರಾಧ ಮಾತ್ರ. ಅದನ್ನೂ ವಂಚಿತನ ಪಾತ್ರದಲ್ಲಿ ನಿಂತು ನೋಡದೆ, ತಪ್ಪುಮಾಡಿದವನ ಬಾಯಿಂದ ಹಾಡಿಸಿದ್ದು ವಿಶೇಷ.

ಇಂಥ ಸ್ವಾತಂತ್ರ್ಯ ಹೆಚ್ಚು ಕಾಲ ಉಳಿಯಲಿಲ್ಲ. 1934ರಿಂದ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾಯಿತು. ಅವನ 'ಟ್ರಬಲ್ ಇನ್ ಪ್ಯಾರಡೈಸ್' (1932) ಮರುಬಿಡುಗಡೆಗೂ ಅನುಮತಿ ಪಡೆಯಲಿಲ್ಲ. 1935ರಲ್ಲಿ ನಾಜಿ ಸರ್ಕಾರ ಅವನ ಜರ್ಮನ್ ಪೌರತ್ವವನ್ನು ಕಿತ್ತುಕೊಂಡಿತು. ಮರುವರ್ಷ ಅಮೆರಿಕದ ಪ್ರಜೆಯಾದನು. 1935ರಲ್ಲಿ ವಿವಿಯನ್ ಗೇಳನ್ನು ವರಿಸಿದನು. ಆ ವಿವಾಹವೂ 1944ರಲ್ಲಿ ಕೊನೆಗೊಂಡಿತು. 'ನಿನೋಚ್ಕಾ' (1939), 'ದ ಶಾಪ್ ಅರೌಂಡ್ ದ ಕಾರ್ನರ್' (1940), 'ಟು ಬಿ ಆರ್ ನಾಟ್ ಟು ಬಿ' (1942) ಈ ಕಾಲದ ಕೃತಿಗಳು. ಮೊದಲಿನ ಎರಡನ್ನು ಮುಂದೆ ಬೇರೆಯವರು ಗೀತಚಿತ್ರಗಳನ್ನಾಗಿ ಮಾಡಿದರು: 'ಇನ್ ದ ಗುಡ್ ಓಲ್ಡ್ ಸಮ್ಮರ್‌ಟೈಮ್' (1949), 'ಸಿಲ್ಕ್ ಸ್ಟಾಕಿಂಗ್ಸ್' (1957). ಎರಡೂ ನೋಡಲು ಹಿತವಾದವು; ಆದರೆ ಅವುಗಳಲ್ಲಿ ಹಾಡು ಕಥೆಯ ಮೇಲಿನ ಅಲಂಕಾರವಾಗಿ ನಿಲ್ಲುತ್ತದೆ.

ಹೃದಯರೋಗದಿಂದ ಬಳಲುತ್ತಿದ್ದ ಲುಬಿಚ್ 1947ರ ನವೆಂಬರ್ 30ರಂದು ನಿಧನನಾದನು. ಆಗ ಅವನ ಕೈಯಲ್ಲಿದ್ದದ್ದು 'ದಟ್ ಲೇಡಿ ಇನ್ ಅರ್ಮಿನ್'. ಅದೂ ನವವಧುವೊಬ್ಬಳ ನಿಷ್ಠೆಯನ್ನು ಪರೀಕ್ಷೆಗೊಡ್ಡುವ ಗೀತಪ್ರಹಸನವೇ. ಚಿತ್ರಕಥೆ ರಾಫೆಲ್ಸನ್‌ನದು, ಗೀತೆಗಳು ಲಿಯೊ ರಾಬಿನ್‌ನವು. ಉಳಿದ ಭಾಗವನ್ನು ಆಟೊ ಪ್ರೆಮಿಂಜರ್ ಪೂರ್ಣಗೊಳಿಸಿದನು. 1948ರಲ್ಲಿ ಚಿತ್ರ ಬಿಡುಗಡೆಯಾದಾಗ ನಿರ್ದೇಶಕನ ಸ್ಥಾನದಲ್ಲಿದ್ದ ಹೆಸರು ಲುಬಿಚ್‌ನದೊಂದೇ.