ಯುಸ್ಟುಸ್ ಫಾನ್ ಲೀಬಿಗ್

ಯುಸ್ಟುಸ್ ಫಾನ್ ಲೀಬಿಗ್ (12 ಮೇ 1803 – 18 ಏಪ್ರಿಲ್ 1873) ಜರ್ಮನಿಯ ಹೆಸರಾಂತ ರಸಾಯನವಿಜ್ಞಾನಿ ಹಾಗೂ ಅಧ್ಯಾಪಕರು. ಸಾವಯವ ರಸಾಯನವಿಜ್ಞಾನ ಮತ್ತು ಕೃಷಿ ರಸಾಯನವಿಜ್ಞಾನಗಳಿಗೆ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಕೈಯಾರೆ ಕೆಲಸ ಮಾಡಿ ಕಲಿಯುವ ಪದ್ಧತಿಯನ್ನು ವಿಶ್ವವಿದ್ಯಾಲಯಗಳಲ್ಲಿ ನೆಲೆಗೊಳಿಸಿದ್ದು ಇವರ ಬಹುಮುಖ್ಯ ಕೊಡುಗೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲೀಬಿಗ್ ಡಾರ್ಮ್‌ಸ್ಟಾಟ್ ನಗರದಲ್ಲಿ ಜನಿಸಿದರು. ತಂದೆ ಬಣ್ಣ, ಔಷಧದ್ರವ್ಯ ಮೊದಲಾದವುಗಳನ್ನು ತಯಾರಿಸಿ ಮಾರುವ ವರ್ತಕರು. ಅವರ ಕಾರ್ಯಾಗಾರದಲ್ಲಿಯೇ ಬಾಲಕನಿಗೆ ಪ್ರಯೋಗಗಳ ರುಚಿ ಹತ್ತಿತು. ಕೆಲಕಾಲ ಔಷಧಾಲಯವೊಂದರಲ್ಲಿ ಕೆಲಸ ಕಲಿತ ಬಳಿಕ ಬಾನ್ ಮತ್ತು ಎರ್ಲಾಂಗೆನ್ ವಿಶ್ವವಿದ್ಯಾಲಯಗಳಲ್ಲಿ ಓದಿದರು. ಅಲ್ಲಿ ಉಪನ್ಯಾಸಗಳಿದ್ದವು, ವಿಶ್ಲೇಷಣೆಯನ್ನು ಸ್ವತಃ ಮಾಡಿ ಕಲಿಯುವ ಅನುಕೂಲವಿರಲಿಲ್ಲ. ಆ ಕೊರತೆ ನೀಗಿದ್ದು ಪ್ಯಾರಿಸ್ಸಿನಲ್ಲಿ, ಗೇ-ಲುಸಾಕ್ ಅವರ ಪ್ರಯೋಗಶಾಲೆಯಲ್ಲಿ.

ಗೀಸನ್ನಿನ ಪ್ರಯೋಗಶಾಲೆ

ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಅವರ ಶಿಫಾರಸಿನ ಮೇಲೆ 1824ರಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಲೀಬಿಗ್ ಗೀಸನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಹಳೆಯ ಸೈನಿಕ ಠಾಣೆಯ ಕಟ್ಟಡವೇ ಪ್ರಯೋಗಶಾಲೆಯಾಯಿತು. ಆರಂಭದಲ್ಲಿ ಅದರ ಖರ್ಚಿನ ಒಂದು ಭಾಗವನ್ನು ಲೀಬಿಗ್ ತಮ್ಮ ಸಂಬಳದಿಂದಲೇ ಭರಿಸಬೇಕಾಯಿತು.

ಹೊಸ ವಿದ್ಯಾರ್ಥಿ ಮೊದಲು ಅಪರಿಚಿತ ಪದಾರ್ಥಗಳಲ್ಲಿ ಏನೇನಿದೆಯೆಂದು ಗುರುತಿಸಬೇಕಿತ್ತು. ಬಳಿಕ ಪ್ರಮಾಣ ನಿರ್ಣಯ, ಸಂಯುಕ್ತಗಳ ತಯಾರಿಕೆ, ಕೊನೆಗೆ ಸ್ವತಂತ್ರ ಸಂಶೋಧನೆ. ಲೀಬಿಗ್ ವಿಷಯವನ್ನು ಸೂಚಿಸುತ್ತಿದ್ದರು; ದಾರಿಯನ್ನು ಶಿಷ್ಯನೇ ಹುಡುಕಿಕೊಳ್ಳಬೇಕಿತ್ತು. 1831ರಲ್ಲಿ ಅವರು ರೂಪಿಸಿದ ಐದು ಬುರುಡೆಗಳ ಗಾಜಿನ ಉಪಕರಣವು ಸಾವಯವ ವಸ್ತುಗಳಲ್ಲಿನ ಇಂಗಾಲದ ಪ್ರಮಾಣವನ್ನು ಅಳೆಯುವುದನ್ನು ಸುಲಭಗೊಳಿಸಿತು. ನಿಪುಣರಿಗಷ್ಟೇ ಸಾಧ್ಯವಿದ್ದ ವಿಶ್ಲೇಷಣೆ ಇದರಿಂದ ವಿದ್ಯಾರ್ಥಿಗಳ ಕೈಗೂ ಎಟುಕಿತು.

ಹೊಲ ಮತ್ತು ಆಹಾರದ ಅಧ್ಯಯನ

1840ರ ಗ್ರಂಥದಲ್ಲಿ ಲೀಬಿಗ್ ರಸಾಯನವಿಜ್ಞಾನವನ್ನು ಬೇಸಾಯಕ್ಕೆ ಅನ್ವಯಿಸಿದರು. 1842ರಲ್ಲಿ ಪ್ರಾಣಿಶರೀರದ ಕಡೆಗೆ ತಿರುಗಿದರು. ಅತ್ಯಂತ ಕೊರತೆಯಿರುವ ಪೋಷಕವೇ ಬೆಳೆಯ ಇಳುವರಿಯನ್ನು ನಿರ್ಧರಿಸುತ್ತದೆ ಎಂಬ ತತ್ತ್ವವನ್ನು ಕಾರ್ಲ್ ಸ್ಪ್ರೆಂಗೆಲ್ ಮೊದಲು ಹೇಳಿದ್ದರು. ಅದನ್ನು ಪ್ರಚಾರಕ್ಕೆ ತಂದವರು ಲೀಬಿಗ್. ಅವರ ಎಲ್ಲ ನಿಲುವುಗಳೂ ಉಳಿಯಲಿಲ್ಲ. ಮಳೆನೀರಿನಲ್ಲಿ ಕೊಚ್ಚಿಹೋಗದಿರಲೆಂದು ಅವರು ಕರಗದಂತೆ ತಯಾರಿಸಿದ ಗೊಬ್ಬರ ಬೆಳೆಗೆ ಒದಗದೆ ವಿಫಲವಾಯಿತು. ಗಿಡಗಳಿಗೆ ಬೇಕಾದ ಸಾರಜನಕ ವಾತಾವರಣದಿಂದಲೇ ಸಾಕಷ್ಟು ದೊರೆಯುತ್ತದೆಂಬ ಅವರ ವಾದವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನ ಹೊಲಗಳ ಪ್ರಯೋಗಗಳು ಅಲ್ಲಗಳೆದವು.

ಶಿಷ್ಯಪರಂಪರೆ

ವಾಸ್ತುಶಿಲ್ಪ ಓದಲು ಗೀಸನ್ನಿಗೆ ಬಂದಿದ್ದ ಆಗಸ್ಟ್ ಕೆಕುಲೆ, ಲೀಬಿಗ್ ಅವರ ಉಪನ್ಯಾಸಗಳಿಂದ ಆಕರ್ಷಿತರಾಗಿ ರಸಾಯನವಿಜ್ಞಾನಕ್ಕೆ ಬಂದರು. ಮತ್ತೊಬ್ಬ ಶಿಷ್ಯ ಆಗಸ್ಟ್ ವಿಲ್ಹೆಲ್ಮ್ ಹಾಫ್‌ಮನ್ 1845ರಲ್ಲಿ ಲಂಡನ್ನಿನ ಹೊಸ ರಸಾಯನವಿಜ್ಞಾನ ಕಾಲೇಜಿನ ಮುಖ್ಯಸ್ಥರಾಗಿ ಈ ಬೋಧನಾಕ್ರಮವನ್ನು ಅಲ್ಲಿಗೆ ಕೊಂಡೊಯ್ದರು.

1852ರಲ್ಲಿ ಲೀಬಿಗ್ ಮ್ಯೂನಿಕ್‌ಗೆ ತೆರಳಿದರು, ಅಲ್ಲಿಯೇ ನಿಧನರಾದರು. ಗೀಸನ್ನಿನ ಪ್ರಯೋಗಶಾಲೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿನ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನೇ ಇಡಲಾಗಿದೆ.