ನಾಟಕರತ್ನ ಗುಬ್ಬಿ ವೀರಣ್ಣ

ಸಿನಿಮಾ ಮಂದಿರಗಳು ಸಣ್ಣಪುಟ್ಟ ಊರುಗಳನ್ನು ಇನ್ನೂ ಮುಟ್ಟದಿದ್ದ ಕಾಲ. ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಕನ್ನಡನಾಡಿನ ಊರುಗಳಿಗೆ ನಾಟಕದ ಕಂಪನಿಗಳು ಬರುತ್ತಿದ್ದವು. ಊರ ಹೊರಗಿನ ಬಯಲಿನಲ್ಲಿ ಕಂಬಗಳು ಏಳುತ್ತಿದ್ದವು. ಅವುಗಳ ಮೇಲೆ ತಗಡಿನ ಮಾಡು, ಸುತ್ತ ತಟ್ಟಿಯ ಗೋಡೆ, ಒಂದು ತುದಿಗೆ ಮಣ್ಣು ಹಲಗೆಗಳಿಂದ ಕಟ್ಟಿದ ರಂಗ. ಸುತ್ತಣ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬಂದು, ಊಟದ ಗಂಟನ್ನು ಬಿಚ್ಚಿ, ರಾತ್ರಿಯೆಲ್ಲ ನಾಟಕ ನೋಡಿ, ಬೆಳಗಿನ ಜಾವ ಹಿಂದಿರುಗುತ್ತಿದ್ದರು. ಆ ನಾಟಕಗಳಲ್ಲಿ ಮಾತಿಗಿಂತ ಹಾಡಿಗೇ ಹೆಚ್ಚು ಮನ್ನಣೆ. ರಾಜನೂ ಹಾಡುತ್ತಿದ್ದನು, ಸೇವಕನೂ ಹಾಡುತ್ತಿದ್ದನು. ಸಾಯುವವನು ಕೂಡ ಒಂದು ಹಾಡು ಹಾಡಿಯೇ ಕಣ್ಣು ಮುಚ್ಚುತ್ತಿದ್ದನು. ಇಂತಹ ಸಂಗೀತ ನಾಟಕವನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಊರಿಂದ ಊರಿಗೆ ಹೊತ್ತು ತಿರುಗಿದ ಮಹನೀಯರು ಗುಬ್ಬಿ ವೀರಣ್ಣನವರು.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ೧೮೯೧ರಲ್ಲಿ ವೀರಣ್ಣನವರು ಜನಿಸಿದರು. ಅವರು ಹುಟ್ಟುವುದಕ್ಕೆ ಏಳು ವರ್ಷ ಮೊದಲೇ, ಎಂದರೆ ೧೮೮೪ರಲ್ಲಿ, ಆ ಊರಿನ ಕಲಾಭಿಮಾನಿಗಳು ಚಂದಣ್ಣನವರ ಮುಂದಾಳುತನದಲ್ಲಿ ಒಂದು ನಾಟಕ ಸಂಘವನ್ನು ಕಟ್ಟಿದ್ದರು. ಊರ ದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ಅದು ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವೆಂದು ಕರೆಸಿಕೊಂಡಿತು. ಇಷ್ಟು ದೊಡ್ಡ ಹೆಸರನ್ನು ಜನ ಎಲ್ಲಿ ನೆನಪಿಟ್ಟುಕೊಂಡಾರು? ಅವರ ಬಾಯಲ್ಲಿ ಅದು ಗುಬ್ಬಿ ಕಂಪನಿಯೆಂದೇ ಉಳಿಯಿತು. ಬಾಲಕ ವೀರಣ್ಣ ಚಿಕ್ಕಂದಿನಲ್ಲಿಯೇ ಈ ಕಂಪನಿಯನ್ನು ಸೇರಿದರು. ಶಾಲೆಯ ಓದು ಹೆಚ್ಚು ದಿನ ನಡೆಯಲಿಲ್ಲ. ಮಕ್ಕಳ ಪಾತ್ರಗಳಿಂದ ಮೊದಲುಮಾಡಿ, ಹಾಡನ್ನೂ ತಾಳವನ್ನೂ ಹಿರಿಯ ನಟರಿಂದ ಕಲಿಯುತ್ತ, ಬೆಳೆದಂತೆ ಹಾಸ್ಯಪಾತ್ರಗಳಿಗೆ ಹೊರಳಿದರು.

ಹಾಸ್ಯವೇ ಅವರ ಸ್ವಂತ ಕ್ಷೇತ್ರವಾಯಿತು. 'ಸದಾರಮೆ' ನಾಟಕದ ಕಳ್ಳನ ಪಾತ್ರದಿಂದ ಅವರು ನಾಡಿನಾದ್ಯಂತ ಮನೆಮಾತಾದರು. ನಾಟಕದ ಕಥಾನಾಯಕಿ ಸದಾರಮೆಯಾದರೂ ಜನ ಕಾದು ಕುಳಿತಿರುತ್ತಿದ್ದುದು ಕಳ್ಳನ ಪ್ರವೇಶಕ್ಕೆ. ನಗಿಸುವುದು ಹಗುರವಾದ ಕೆಲಸವೆಂದು ಹಲವರು ತಿಳಿದಿದ್ದಾರೆ. ಒಂದೇ ಪಾತ್ರವನ್ನು ವರ್ಷಗಟ್ಟಲೆ ಆಡುತ್ತ, ಅದೇ ಪ್ರೇಕ್ಷಕರನ್ನು ಮತ್ತೆ ಮತ್ತೆ ಕರೆತರುವುದು ಎಷ್ಟು ಕಠಿನವೆಂಬುದು ಆಡಿದವರಿಗೇ ಗೊತ್ತು. ಮೈಸೂರು ಅರಮನೆಯಿಂದ ವೀರಣ್ಣನವರಿಗೆ 'ನಾಟಕರತ್ನ' ಎಂಬ ಬಿರುದು ಸಂದಿತು.

೧೯೧೭ರಲ್ಲಿ ಕಂಪನಿಯ ಒಡೆತನ ವೀರಣ್ಣನವರ ಕೈಗೆ ಬಂದಿತು. ಆಗ ಅವರ ವಯಸ್ಸು ಇಪ್ಪತ್ತಾರರ ಸುಮಾರು. ಅಂದಿನಿಂದ ಅವರು ನಟರಷ್ಟೇ ಅಲ್ಲ, ದೊಡ್ಡದೊಂದು ಸಂಸಾರದ ಯಜಮಾನರು. ನಟರು, ಹಾರ್ಮೋನಿಯಂ ತಬಲದವರು, ಪರದೆ ಬರೆಯುವ ಚಿತ್ರಕಾರರು, ಬಡಗಿಗಳು, ದರ್ಜಿಗಳು, ಅಡಿಗೆಯವರು, ಟಿಕೆಟ್ಟು ಕೊಡುವವರು, ಇವರೆಲ್ಲರ ಹೆಂಡಿರು ಮಕ್ಕಳು. ಎಲ್ಲರೂ ಆ ರಾತ್ರಿಯ ಕಲೆಕ್ಷನ್ನನ್ನು ನಂಬಿದವರು. ನಾಟಕ ನಡೆಯಲಿ ಬಿಡಲಿ, ಇಷ್ಟು ಜನಕ್ಕೆ ಎರಡು ಹೊತ್ತಿನ ಊಟ ನಡೆಯಲೇಬೇಕು. ಆದುದರಿಂದ ಯಾವ ನಾಟಕವನ್ನು ಆಡಬೇಕೆಂಬುದಕ್ಕಿಂತ, ಯಾವ ಊರಿನಲ್ಲಿ ಯಾವ ತಿಂಗಳು ಮೊಕ್ಕಾಂ ಹೂಡಬೇಕೆಂಬ ಪ್ರಶ್ನೆಯೇ ಕಂಪನಿಯ ಯಜಮಾನನ ನಿದ್ದೆಗೆಡಿಸುತ್ತಿತ್ತು.

ಈ ಲೆಕ್ಕಾಚಾರ ಎಂತಹುದೆಂಬುದನ್ನು ಮೈಸೂರು ಜಿಲ್ಲೆಯ ಪಶ್ಚಿಮ ಭಾಗವನ್ನೇ ಉದಾಹರಣೆಯಾಗಿ ತೆಗೆದುಕೊಂಡು ತಿಳಿಯಬಹುದು. ಕೃಷ್ಣರಾಜನಗರ ಕಾವೇರಿಯ ನಾಲೆಗಳ ನೀರುಣ್ಣುವ ಸೀಮೆ. ಅಲ್ಲಿ ಭತ್ತದ ಕೊಯ್ಲು ಮುಗಿಯುವ ವೇಳೆಗೆ ಸಂಕ್ರಾಂತಿ ಬರುತ್ತದೆ, ಸಮೀಪದ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಕೂಡುತ್ತದೆ. ಆ ಊರಿಗೆ ರೈಲೂ ಇದೆ. ಪರದೆ, ಕಿರೀಟ, ಸಿಂಹಾಸನಗಳ ಪೆಟ್ಟಿಗೆಗಳನ್ನು ಗೂಡ್ಸ್ ಬಂಡಿಗೆ ಹಾಕಿದರೆ ನಿಲ್ದಾಣದಲ್ಲಿ ಇಳಿಸಿಕೊಳ್ಳಬಹುದು. ಹುಣಸೂರಿಗೆ ರೈಲಿಲ್ಲ; ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಯೇ ಗತಿ. ಅದೇ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು ದೂರ ಮುಂದೆ ಸಾಗಿದರೆ ಪಿರಿಯಾಪಟ್ಟಣ. ಈ ಎರಡು ಊರುಗಳು ಮಲೆನಾಡಿನ ಅಂಚಿನಲ್ಲಿರುವುದರಿಂದ ಮುಂಗಾರು ಬೇಗ ಬಂದು ಮುಟ್ಟುತ್ತದೆ. ಹೆಗ್ಗಡದೇವನಕೋಟೆಯಾದರೋ ಇನ್ನೂ ಒಳಗಿನ ಕಾಡುಸೀಮೆ. ಅಲ್ಲಿಗೆ ದೊಡ್ಡ ಕಂಪನಿಯನ್ನು ಒಯ್ದರೆ ಸಾಗಣೆಯ ವೆಚ್ಚವೇ ಗಲ್ಲಾಪೆಟ್ಟಿಗೆಯನ್ನು ನುಂಗೀತು. ಆದುದರಿಂದ ಬಲ್ಲ ಯಜಮಾನನಾದವನು ಸಂಕ್ರಾಂತಿಯ ನಂತರ ಕಾಲುವೆ ಸೀಮೆಯಲ್ಲಿ ಮೊದಲ ಮೊಕ್ಕಾಂ ಮುಗಿಸಿ, ಯುಗಾದಿಯ ಹೊತ್ತಿಗೆ ರಸ್ತೆಯ ಊರಿಗೆ ಹೊರಳಿ, ಮೊದಲ ಮಳೆ ಬೀಳುವ ಮುನ್ನ ದೊಡ್ಡ ನಗರವನ್ನು ಸೇರಿಕೊಳ್ಳಬೇಕು. ಒಂದು ವಾರ ತಪ್ಪಿದರೂ ತಗಡಿನ ಮಾಡಿನ ಮೇಲೆ ಮಳೆಯ ಸದ್ದು, ಕೆಳಗೆ ಕೆಸರು, ಖಾಲಿ ಬೆಂಚು!

ಊರು ಗೊತ್ತಾದ ಮೇಲೂ ಕೆಲಸ ಮುಗಿಯುವುದಿಲ್ಲ. ಮುಂಚಿತವಾಗಿ ಒಬ್ಬ ಮೇನೇಜರು ಹೋಗಿ ಜಾಗವನ್ನು ಗೊತ್ತುಮಾಡಬೇಕು. ಅಧಿಕಾರಿಗಳ ಅಪ್ಪಣೆ ಪಡೆಯಬೇಕು. ನೀರಿಗೆ ಬಾವಿ, ಬಿಡಾರಕ್ಕೆ ಮನೆ ನೋಡಬೇಕು. ಬಣ್ಣದ ಕರಪತ್ರಗಳನ್ನು ಸಂತೆಯ ದಿನ ಹಂಚಿಸಬೇಕು. ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್ಟಿನ ದರ ಕಟ್ಟುವಾಗ ಆ ಊರಿನ ಕೂಲಿ ಎಷ್ಟೆಂಬುದು ತಿಳಿದಿರಬೇಕು. ನೆಲದ ಟಿಕೆಟ್ಟಿನವನು ಬಾರದಿದ್ದರೆ ಕುರ್ಚಿಯವರಿಂದ ಕಂಪನಿ ಬದುಕುವುದಿಲ್ಲ.

ವೀರಣ್ಣನವರು ಇಂತಹ ಲೆಕ್ಕಾಚಾರದಲ್ಲಿ ಎಷ್ಟು ನುರಿತವರಾಗಿದ್ದರೆಂದರೆ, ಮೈಸೂರು ಸಂಸ್ಥಾನವನ್ನು ದಾಟಿ ತಮಿಳು, ತೆಲುಗು ಸೀಮೆಗಳಿಗೂ ಕಂಪನಿಯನ್ನು ಕೊಂಡೊಯ್ದು, ಆಯಾ ಭಾಷೆಗಳಲ್ಲಿಯೇ ನಾಟಕಗಳನ್ನು ಆಡಿಸಿದರು. ಒಂದು ಕಂಪನಿಯನ್ನು ನಡೆಸುವುದೇ ದುಸ್ತರವಾಗಿರುವಾಗ ಅವರು ಅದರ ಶಾಖೆಗಳನ್ನೂ ಕಟ್ಟಿದರು. ಮಕ್ಕಳಿಗಾಗಿಯೇ ಒಂದು ತಂಡವನ್ನು ತೆರೆದರು. ಒಂದೇ ಕಾಲದಲ್ಲಿ ಎರಡು ಊರುಗಳಲ್ಲಿ ಮೊಕ್ಕಾಂ ನಡೆಸುವುದೆಂದರೆ ಎರಡು ಜೊತೆ ಪರದೆ, ಎರಡು ಜೊತೆ ಉಡುಪು, ಎರಡು ಪಾಕಶಾಲೆ. ಊರುಗಳು ತೀರ ಸಮೀಪವಾದರೆ ಪ್ರೇಕ್ಷಕರು ಹಂಚಿಹೋಗುತ್ತಾರೆ. ತೀರ ದೂರವಾದರೆ ಒಬ್ಬ ನಟ ಕಾಯಿಲೆ ಬಿದ್ದಾಗ ಇನ್ನೊಬ್ಬನನ್ನು ಕಳುಹಿಸುವುದು ಸಾಧ್ಯವಾಗುವುದಿಲ್ಲ. ಇಷ್ಟೆಲ್ಲ ತೊಡಕಿದ್ದರೂ ಅದರಿಂದ ಒಂದು ಪ್ರಯೋಜನವಿತ್ತು. ಒಂದು ಕಡೆ ಬಿದ್ದ ನಷ್ಟವನ್ನು ಇನ್ನೊಂದು ಕಡೆಯ ಲಾಭ ತುಂಬಿಕೊಡಬಹುದಿತ್ತು.

ರಂಗದ ವೈಭವಕ್ಕೆ ಹಣ ಸುರಿಯುವಾಗ ಮಾತ್ರ ವೀರಣ್ಣನವರು ಲೆಕ್ಕವನ್ನು ಮರೆತಂತೆ ಕಾಣುತ್ತದೆ. ಬಿ. ಪುಟ್ಟಸ್ವಾಮಯ್ಯನವರು ಬರೆದ 'ಕುರುಕ್ಷೇತ್ರ' ನಾಟಕವನ್ನು ೧೯೩೪ರಲ್ಲಿ ಬೆಂಗಳೂರಿನಲ್ಲಿ ಆಡಿಸಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಮಹಾಭಾರತದ ಯುದ್ಧವನ್ನು ಕೇಳಿ ಮಾತ್ರ ತಿಳಿದಿದ್ದ ಜನ ಅದನ್ನು ಕಣ್ಣಾರೆ ಕಂಡು ಬೆರಗಾದರು. ವಿದ್ಯುದ್ದೀಪಗಳ ಚಮತ್ಕಾರ, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಬದಲಾಗುವ ದೃಶ್ಯಗಳು ಗುಬ್ಬಿ ಕಂಪನಿಯ ಹೆಗ್ಗುರುತುಗಳಾದವು.

ಸ್ತ್ರೀಪಾತ್ರಗಳನ್ನು ಪುರುಷರೇ ಆಡುತ್ತಿದ್ದ ಆ ಕಾಲದಲ್ಲಿ ವೀರಣ್ಣನವರು ನಟಿಯರಿಗೆ ತಮ್ಮ ಕಂಪನಿಯ ಬಾಗಿಲನ್ನು ತೆರೆದರು. ಅವರ ಪತ್ನಿಯರಲ್ಲೊಬ್ಬರಾದ ಬಿ. ಜಯಮ್ಮನವರು ಗಾಯನ, ಅಭಿನಯಗಳೆರಡರಲ್ಲಿಯೂ ಹೆಸರಾದರು. ನಾಟಕದ ಹೆಣ್ಣುಮಕ್ಕಳನ್ನು ಸಮಾಜ ಗೌರವದಿಂದ ಕಾಣದಿದ್ದ ದಿನಗಳವು. ವೈಭವದ 'ಕುರುಕ್ಷೇತ್ರ'ಕ್ಕಿಂತಲೂ ಇದು ಹೆಚ್ಚಿನ ಸಾಹಸವೆಂದೇ ನನ್ನ ಎಣಿಕೆ.

ಕಂಪನಿ ನಾಟಕಗಳನ್ನು ವಿದ್ಯಾವಂತರು ಟೀಕಿಸದೆ ಇರಲಿಲ್ಲ. ಗುಬ್ಬಿ ಕಂಪನಿ ಹುಟ್ಟಿದ ವರ್ಷದಲ್ಲಿಯೇ ಹುಟ್ಟಿದ ಟಿ.ಪಿ. ಕೈಲಾಸಂ ಅವರು, ಅವರ ನಂತರ ಶ್ರೀರಂಗರು, ಬೇರೊಂದು ಬಗೆಯ ನಾಟಕವನ್ನೇ ಬರೆದರು. ಅಲ್ಲಿ ಆನೆಯಿಲ್ಲ, ಕಿರೀಟವಿಲ್ಲ. ಮನೆಯ ಹಜಾರವಿದೆ, ಮನೆಯವರ ಮಾತಿದೆ. ಕಂಪನಿ ನಾಟಕಗಳು ಅತಿ ದೀರ್ಘ, ಹಾಡುಗಳು ಅತಿ ಹೆಚ್ಚು, ಕಥೆ ಎಲ್ಲೋ ನಿಂತುಬಿಡುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಹವ್ಯಾಸಿ ನಾಟಕಗಳು ಬಹುಮಟ್ಟಿಗೆ ಬೆಂಗಳೂರು ಮೈಸೂರುಗಳ ಸಭಾಭವನಗಳಲ್ಲಿ ನಡೆದುವು. ಅಕ್ಷರ ಬಾರದ ರೈತನ ಬಳಿಗೆ, ಅವನ ಊರಿನ ಬಯಲಿಗೆ ಹೋದುದು ಕಂಪನಿ ನಾಟಕವೇ.

ಸಿನಿಮಾ ಬರುತ್ತಿದೆಯೆಂಬುದನ್ನು ವೀರಣ್ಣನವರು ಬೇಗನೆ ಗುರುತಿಸಿದರು. ೧೯೩೦ರ ಸುಮಾರಿಗೆ ಮೂಕಿ ಚಿತ್ರಗಳ ತಯಾರಿಕೆಗೆ ಕೈಹಾಕಿದರು. ಮಾತಿನ ಚಿತ್ರಗಳು ಬಂದ ಮೇಲೆ 'ಜೀವನ ನಾಟಕ', 'ಹೇಮರೆಡ್ಡಿ ಮಲ್ಲಮ್ಮ' ಮೊದಲಾದವು ಅವರ ಸಾಹಸದಿಂದ ಹೊರಬಂದವು. ೧೯೫೪ರ 'ಬೇಡರ ಕಣ್ಣಪ್ಪ' ಚಿತ್ರದಲ್ಲಿ ಅವರ ಕಂಪನಿಯ ಕಲಾವಿದರೇ ತುಂಬಿದ್ದರು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿದ್ದ ಮುತ್ತುರಾಜ್, ಆ ಚಿತ್ರದಿಂದ ರಾಜ್‌ಕುಮಾರ್ ಆದರು. ಜಿ.ವಿ. ಅಯ್ಯರ್, ನರಸಿಂಹರಾಜು ಮುಂತಾದವರೂ ಅದೇ ಕಂಪನಿಯ ಗರಡಿಯಲ್ಲಿ ಪಳಗಿದವರು. ಹುಣಸೂರಿನ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡು, ೧೯೬೫ರಲ್ಲಿ 'ಸತ್ಯ ಹರಿಶ್ಚಂದ್ರ' ಚಿತ್ರವನ್ನು ನಿರ್ದೇಶಿಸಿದ ಹುಣಸೂರು ಕೃಷ್ಣಮೂರ್ತಿಯವರೂ ವೃತ್ತಿರಂಗಭೂಮಿಯಿಂದಲೇ ಚಿತ್ರರಂಗಕ್ಕೆ ಹೋದವರು. ಕಂಪನಿಗಳು ಬೆಳೆಸಿದ ನಟರನ್ನೇ ಸಿನಿಮಾ ಕರೆದೊಯ್ದಿತು. ಆ ನಟರನ್ನು ಹಿಂಬಾಲಿಸಿ ಪ್ರೇಕ್ಷಕರೂ ಹೋದರು. ಬಯಲಿನ ಮೊಕ್ಕಾಂಗಳು ಒಂದೊಂದಾಗಿ ಕಡಿಮೆಯಾದವು. ವೀರಣ್ಣನವರು ಅದನ್ನು ತಮ್ಮ ಕಣ್ಣೆದುರಿನಲ್ಲಿಯೇ ಕಂಡರು, ಆದರೂ ಕಂಪನಿಯನ್ನು ಕೈಬಿಡಲಿಲ್ಲ.

೧೯೭೨ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷದ ಅಕ್ಟೋಬರ್ ೧೮ರಂದು ಅವರು ತೀರಿಕೊಂಡರು. ತುಮಕೂರಿನ ಕಲಾಕ್ಷೇತ್ರಕ್ಕೂ, ಸರ್ಕಾರ ರಂಗಕರ್ಮಿಗಳಿಗೆ ನೀಡುವ ಪ್ರಶಸ್ತಿಯೊಂದಕ್ಕೂ ಅವರ ಹೆಸರನ್ನು ಇಡಲಾಗಿದೆ.

ಅವರ ಬಳಿ ಬೆಳೆದ ಹುಡುಗರಲ್ಲಿ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಬಂದು ಕಂಪನಿಯನ್ನು ಸೇರಿದ ವೆಂಕಟರಮಣನೆಂಬ ಬಾಲಕನ ಸಂಗೀತದ ಒಲವನ್ನು ವೀರಣ್ಣನವರು ಗುರುತಿಸಿ, ಅವನನ್ನು ಓದುವುದಕ್ಕಾಗಿ ಕಾಶಿಗೆ ಕಳುಹಿಸಿದರು. ಕೈಗೆ ಬಂದ ಒಬ್ಬ ಹಾಡುಗಾರ ಹುಡುಗನನ್ನು ಕಂಪನಿಯ ಯಜಮಾನ ತಾನಾಗಿ ಬಿಟ್ಟುಕೊಡುವುದು ಸಾಮಾನ್ಯವಲ್ಲ. ಆ ಬಾಲಕನೇ ಮುಂದೆ ಬಿ.ವಿ. ಕಾರಂತರೆಂದು ಭಾರತದಾದ್ಯಂತ ಹೆಸರಾದರು. ಮೈಸೂರಿನಲ್ಲಿ ೧೯೮೯ರಲ್ಲಿ ಆರಂಭವಾದ ರಂಗಾಯಣಕ್ಕೆ ಅವರೇ ಮೊದಲ ನಿರ್ದೇಶಕರು. ಆ ಸಂಸ್ಥೆ ಬೇಸಿಗೆಯ ರಜೆಯಲ್ಲಿ ಮಕ್ಕಳಿಗಾಗಿ ಚಿಣ್ಣರ ಮೇಳವನ್ನು ನಡೆಸುತ್ತ ಬಂದಿದೆ. ಹಾಡು, ಕುಣಿತ, ಬಣ್ಣ ಹಚ್ಚುವುದು ಎಲ್ಲವನ್ನೂ ಅಲ್ಲಿ ಕಲಿಯುವ ಮಕ್ಕಳು ಮೇಳದ ಕೊನೆಗೆ ತಾವೇ ರಂಗವೇರಿ ನಾಟಕವಾಡುತ್ತಾರೆ.